ದಿಬ್ಬವಿಲ್ಲದ ದೇಶದಲ್ಲಿ ತಾರಸಿ ಹಾಕಿದ್ದು

ವಿಮಾನದ ಕಿಟಕಿ

ಮಾಲ್ಡೀವ್ಸ್‌ಗೆ ಹೋಗಿ ಬಂದೆ ಎಂದರೆ ಸಾಗರದ ಪೇಟೆಯಲ್ಲಿ ಎಲ್ಲರೂ ಒಂದೇ ಥರ ನಗುತ್ತಾರೆ. ನೀಲಿ ನೀರು, ಬಿಳಿ ಮರಳು, ಹೊಸದಾಗಿ ಮದುವೆಯಾದವರು! ಈ ವಯಸ್ಸಿನಲ್ಲಿ, ಅದೂ ಅಕ್ಕನ ಜೊತೆ, ನಿನಗೇನು ಕೆಲಸ ಅಲ್ಲಿ ಎಂಬ ಪ್ರಶ್ನೆ ಆ ನಗೆಯೊಳಗಿರುತ್ತದೆ. ನಾನು ಕಂಡದ್ದು ಹೆಚ್ಚಾಗಿ ಸಿಮೆಂಟು ಮತ್ತು ಕಬ್ಬಿಣ. ಅದನ್ನೇ ಬಾಯಿ ಬಿಟ್ಟುಕೊಂಡು ನೋಡಿ ಬಂದೆ ಎಂದರೆ ಯಾರೂ ನಂಬುವುದಿಲ್ಲ.

ಅಕ್ಕನ ಮಗಳು ವೈದೇಹಿ ಅಲ್ಲಿನ ರಾಜಧಾನಿ ಮಾಲೆಯಲ್ಲಿ ಸಿವಿಲ್ ಇಂಜಿನಿಯರ್. ಅವಳ ಕಂಪನಿ ಊರ ನಡುವೆ ಒಂದು ಎತ್ತರದ ಕಟ್ಟಡ ಕಟ್ಟುತ್ತಿತ್ತು. ಕೆಳಗೆ ಅಂಗಡಿಗಳು, ಅದರ ಮೇಲೆ ಕಚೇರಿ ಮತ್ತು ಆಸ್ಪತ್ರೆ, ಅದರ ಮೇಲೆ ಮನೆಗಳು. ಕೊನೆಯ ತಾರಸಿ ಹಾಕುವ ಹೊತ್ತಿಗೆ ಬನ್ನಿ ಎಂದು ಕರೆದಳು. ನನಗೆ ಕರೆಯೂ ಬೇಕಿರಲಿಲ್ಲ. ತರ್ಕಶಾಸ್ತ್ರ ಓದಿ, ಅದನ್ನೇ ಕಾಲೇಜಿನಲ್ಲಿ ಕಲಿಸಿ ನಿವೃತ್ತನಾದ ಮೇಲೆ ಒಂದು ಕಡೆ ಕೂರುವುದು ನನ್ನಿಂದ ಆಗುತ್ತಿಲ್ಲ. ಆದರೆ ಹೊಸನಗರದಲ್ಲಿ ಹೈಸ್ಕೂಲು ಟೀಚರಾಗಿದ್ದ ಸಾವಿತ್ರಕ್ಕ ಸಮುದ್ರ ದಾಟಲು ಒಪ್ಪಿದ್ದು ಆಶ್ಚರ್ಯ. ಒಪ್ಪಿದ ದಿನದಿಂದಲೇ ಅವಳು ತೊಡೆದೇವು ಮಾಡಿಸಲು ಶುರು ಮಾಡಿದಳು. ತಾರಸಿ ಹಾಕುವ ದಿನ ಕೆಲಸದವರಿಗೆ ಸಿಹಿ ಕೊಡದೆ ಇರುತ್ತಾರೆಯೇ? ಕಬ್ಬಿನ ಹಾಲಿನ ಆ ಸಿಹಿ ಕಾಗದದಷ್ಟು ತೆಳು. ಅದನ್ನು ಸ್ಟೀಲಿನ ಡಬ್ಬಿಯಲ್ಲಿ ಮೊಮ್ಮಗುವಿನಂತೆ ಮಡಿಲಲ್ಲಿಟ್ಟುಕೊಂಡೇ ವಿಮಾನದಲ್ಲಿ ಕೂತಿದ್ದಳು.

ಕಿಟಕಿಯಿಂದ ಮಾಲೆ ಕಂಡಾಗ ಇಬ್ಬರೂ ಗಾಜಿಗೆ ಹಣೆ ಹಚ್ಚಿದೆವು. ಸಮುದ್ರದಲ್ಲಿ ಯಾರೋ ಒಂದು ತಟ್ಟೆ ತೇಲಿಬಿಟ್ಟು, ಅದರ ಮೇಲೆ ಕಟ್ಟಡಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತಿತ್ತು. ಕಟ್ಟಡ ಮುಗಿದಲ್ಲಿ ನೀರು. ನಡುವೆ ಏನೂ ಇಲ್ಲ.

"ಅಪ್ಪಿ, ಒಂದು ಗುಡ್ಡನೂ ಇಲ್ಲೆ ಇಲ್ಲಿ," ಎಂದಳು ಅಕ್ಕ ನಮ್ಮ ಮನೆಮಾತಿನಲ್ಲಿ. "ಮಳೆ ಬಂದ್ರೆ ನೀರು ಎಲ್ಲಿಗೆ ಹರೀತು?"

"ಹರಿಯದಿಲ್ಲೆ ಅಕ್ಕಾ, ಸುಮ್ನೆ ನಿಂತ್ಕಳ್ತು."

ತಮಾಷೆಗೆ ಹೇಳಿದ್ದು. ಮರುದಿನ ಒಂದು ಮಳೆ ಬಂದು, ಬೀದಿಯಲ್ಲಿ ನೀರು ನಿಜಕ್ಕೂ ಎತ್ತ ಹೋಗಬೇಕೆಂದು ತಿಳಿಯದೆ ನಿಂತಾಗ, ನನ್ನ ತಮಾಷೆಯ ಬಗ್ಗೆ ನನಗೇ ಗೌರವ ಬಂತು.

ಚಹಾದಂಗಡಿ

ನಮ್ಮ ಕಡೆ ದಾರಿ ಹೇಳುವುದೆಂದರೆ ಏರು, ಇಳಿವು. ಮೇಲಿನ ಮನೆಯವರು, ಕೆಳಗಿನ ಮನೆಯವರು, ಘಟ್ಟದ ಕೆಳಗಿನವರು. ಮಾಲೆಯಲ್ಲಿ ಆ ಲೆಕ್ಕ ನಡೆಯಲಿಲ್ಲ. ನೆಲ ಊಟದ ಮಣೆಯಷ್ಟು ಸಮ. ಬೀದಿ ಎಷ್ಟು ಇಕ್ಕಟ್ಟೆಂದರೆ ಆಚೀಚೆಯ ಬಾಲ್ಕನಿಗಳಲ್ಲಿ ನಿಂತವರು ಕೈಯಿಂದ ಕೈಗೆ ಸಕ್ಕರೆ ದಾಟಿಸಬಹುದು. ಅಷ್ಟರಲ್ಲೇ ಬೈಕುಗಳು ಮೀನಿನ ಹಿಂಡಿನಂತೆ ನುಗ್ಗುತ್ತವೆ. ಒಂದೂ ಇನ್ನೊಂದಕ್ಕೆ ತಾಗುವುದಿಲ್ಲ, ಯಾರೂ ಬೈಯುವುದಿಲ್ಲ. ಸಾಗರದ ಬಸ್‌ಸ್ಟ್ಯಾಂಡಿನ ಎದುರು ದಿನಾ ಕೇಳುವ ಮಾತುಗಳನ್ನು ನೆನೆದು ನನಗೆ ನಾಚಿಕೆಯಾಯಿತು.

ಮೊದಲ ಬೆಳಿಗ್ಗೆ ವೈದೇಹಿ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೂ ಮೂಲೆಯ ಚಹಾದಂಗಡಿ ಹೊಕ್ಕೆವು. ತಟ್ಟೆಯಲ್ಲಿ ತೆಂಗಿನ ತುರಿ, ಈರುಳ್ಳಿ, ಹಸಿಮೆಣಸು, ನಿಂಬೆರಸ. ಕೋಸಂಬರಿಯೆಂದೇ ನಂಬಿ ರೊಟ್ಟಿಯ ಚೂರಿನಲ್ಲಿ ಎತ್ತಿಕೊಂಡೆ. ಅಂಗಡಿಯ ಮುದುಕ ಓಡಿ ಬಂದು ಅಕ್ಕನ ಹಣೆಯ ಕುಂಕುಮ ತೋರಿಸಿ, ಅಂಗೈಯನ್ನು ಮೀನಿನಂತೆ ಈಜಾಡಿಸಿ, ನನ್ನ ಕೈಯನ್ನು ಬಾಯಿಯಿಂದ ಒಂದು ಗೇಣು ದೂರದಲ್ಲೇ ತಡೆದ. ಆ ದೇಶದಲ್ಲಿ ಕೋಸಂಬರಿಯೂ ಮೀನಿನದೇ. ನಮಗೆ ಬರಿಯ ರೊಟ್ಟಿ, ಹಸಿ ತೆಂಗಿನಕಾಯಿ ತಂದುಕೊಟ್ಟು, ಕೊನೆಗೆ ಒಂದು ಬಟ್ಟಲಲ್ಲಿ ಲವಂಗ ಮತ್ತು ಹೆರೆದ ಅಡಿಕೆ ಇಟ್ಟ. ಆಚೆಯದು ಕಾಣುವಷ್ಟು ತೆಳುವಾದ ಚೂರುಗಳು. ಅಕ್ಕ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. ಅಡಿಕೆ ಬೆಳೆದೇ ಬದುಕಿದ ನಿಟ್ಟೂರಿನ ಸೊಸೆ ಅವಳು. ಅದನ್ನು ಹೀಗೆ ಅಕ್ಕರೆಯಿಂದ ಹೆರೆದದ್ದನ್ನು ಕಂಡಿರಲಿಲ್ಲವಂತೆ.

ಮುದುಕನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಬೀದಿಯ ತುದಿಯಲ್ಲಿ ಏಳುತ್ತಿದ್ದ ಕಟ್ಟಡ ತೋರಿಸಿ, ಅದರಲ್ಲಿ ತನ್ನ ಮಗಳಿಗೆ ಮನೆ ಬಂದಿದೆ ಎಂದ. ಈಗ ಒಂದೇ ಮನೆಯಲ್ಲಿ ಮೂರು ಸಂಸಾರವಂತೆ, ಮಲಗುವುದಕ್ಕೂ ಸರದಿಯಂತೆ. "ಇಲ್ಲಿ ಭೂಮಿ ಮುಗಿದಿದೆ," ಎಂದು ಬೆರಳನ್ನು ಆಕಾಶದ ಕಡೆ ಎತ್ತಿದ. "ಅಲ್ಲಿ ಇನ್ನೂ ಖಾಲಿ."

ಪಂಜರದಲ್ಲಿ ಮೇಲಕ್ಕೆ

ಕಟ್ಟಡದ ಬುಡದಲ್ಲಿ ಜಲ್ಲಿಯ ರಾಶಿ ಇತ್ತು. ವೈದೇಹಿ ನಮಗೆ ಹೆಲ್ಮೆಟ್ ಹಾಕಿಸುತ್ತ ಹೇಳಿದಳು: ಈ ದೇಶದಲ್ಲಿ ಕಲ್ಲಿಲ್ಲ. ಜಲ್ಲಿ, ಮರಳು, ಸಿಮೆಂಟು, ಸರಳು, ಎಲ್ಲವೂ ಹಡಗಿನಲ್ಲಿ ಬರಬೇಕು.

"ಕಲ್ಲೂ ಹಡಗಿನ ಮೇಲೆ ಬರವಾ?" ಅಕ್ಕ ಒಂದು ಜಲ್ಲಿಕಲ್ಲನ್ನು ಎತ್ತಿ ತಿರುಗಿಸಿದಳು. ನಮ್ಮೂರಲ್ಲಿ ಬರಿಗಾಲಿಗೆ ಚುಚ್ಚಿ ಬೈಸಿಕೊಳ್ಳುವ ಕಲ್ಲು ಅಲ್ಲಿ ವಿದೇಶಿ ಸಾಮಾನು.

"ಹೌದು ಆಯಿ. ಅದನ್ನ ಬ್ಯಾಗಿಗೆ ಹಾಕ್ಯಳಡ, ವಾಪಸ್ ಇಡು."

ಕಟ್ಟಡದ ಹೊರಮೈಗೆ ಅಂಟಿಕೊಂಡು ಏರುವ ಪಂಜರದಂಥ ಲಿಫ್ಟಿತ್ತು. ಅದನ್ನು ನಡೆಸುವವನು ಕೊಪ್ಪಳದ ಕಡೆಯ ಬಸಣ್ಣ. ಅಕ್ಕನ ಬಾಯಲ್ಲಿ ಕನ್ನಡ ಕೇಳಿ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅವಳು ನನ್ನೊಡನೆ ಆಡುವ ಮಾತು ಕೇಳಿ ಹುಬ್ಬು ಗಂಟಿಕ್ಕಿದ. "ಇದೂ ಕನ್ನಡ ಏನ್ರೀ ಸರ? ಬ್ಯಾಂಕಿನ ಪಾಸ್‌ವರ್ಡ್ ಹೇಳಿದಂಗ ಅದ."

ಪಂಜರ ಏರಿತು. ಅಂಗಡಿಗಳ ಮಹಡಿ, ಬೈಕು ನಿಲ್ಲಿಸುವ ಮಹಡಿ, ಆಸ್ಪತ್ರೆ, ನಮಾಜಿನ ಕೋಣೆ, ಆಮೇಲೆ ಒಂದರ ಮೇಲೊಂದು ಅಡುಗೆಮನೆಗಳು. ಸಾಗರದ ಪೇಟೆಯನ್ನು ಬಾಲ ಹಿಡಿದು ನೆಟ್ಟಗೆ ನಿಲ್ಲಿಸಿದರೆ ಹೀಗೇ ಕಾಣುತ್ತಿತ್ತೇನೋ. ಎಲ್ಲಿಯೂ ಗೋಡೆ ಬಣ್ಣ ಕಂಡಿರಲಿಲ್ಲ, ಬಾಗಿಲುಗಳ ಜಾಗದಲ್ಲಿ ಬರಿಯ ಚೌಕ, ಆ ಚೌಕದ ತುಂಬ ಸಮುದ್ರ. ಮೇಲಿನ ಮಹಡಿಯಲ್ಲಿ ಇಳಿದಾಗ ಇಡೀ ರಾಜಧಾನಿಯ ಅಂಚು ಸುತ್ತಲೂ ಒಮ್ಮೆಗೇ ಕಂಡಿತು. ಊರೊಂದರ ಮೊದಲೂ ಕೊನೆಯೂ ನಿಂತಲ್ಲೇ ಕಾಣುವುದೆಂದರೆ ಏನೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಗುಡ್ಡವಿಲ್ಲದವರು ಗುಡ್ಡವನ್ನೇ ಕಟ್ಟಿಕೊಂಡಿದ್ದರು.

ಅಕ್ಕ ಬಹಳ ಹೊತ್ತು ನೋಡಿ, "ಅಡ್ಡಿಲ್ಲೆ," ಎಂದಳು. ಅವಳ ನಾಲಗೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಕಾಂಕ್ರೀಟನ್ನು ಅಷ್ಟೆತ್ತರಕ್ಕೆ ಕೊಳವೆಯಲ್ಲಿ ಒತ್ತಿ ಏರಿಸುವುದನ್ನು ವೈದೇಹಿ ವಿವರಿಸಿದಾಗ, ಕಾರ್ಗಲ್ಲಿನಲ್ಲಿ ಅಣೆಕಟ್ಟಿಗೆ ಕಾಂಕ್ರೀಟು ಸುರಿಯುವುದನ್ನು ನೋಡಿದ್ದು ನೆನಪಿದೆ, ತೊಟ್ಟಿಗಳು ಹಗ್ಗದ ಮೇಲೆ ತೂಗಾಡುತ್ತ ಬರುತ್ತಿದ್ದವು ಎಂದೆ. ನಮ್ಮ ಅಪ್ಪ ವಿದ್ಯುತ್ ಯೋಜನೆಯ ಕೆಲಸದಲ್ಲಿದ್ದರು, ನಾವು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ.

"ನೀ ಹುಟ್ಟಿದ್ದೇ ಅಣೆಕಟ್ಟು ಮುಗಿದ ಮೇಲೆ," ಎಂದಳು ಅಕ್ಕ.

ಅವಳು ಹೇಳಿದ್ದು ನಿಜ. ಆದರೂ ಆ ತೊಟ್ಟಿಗಳ ನೆರಳು ನನ್ನ ಮುಖದ ಮೇಲೆ ಹಾದುಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಹೇಳಿದ ಕಥೆಯೊಳಗೆ ನಾನು ಯಾವಾಗಲೋ ಹೋಗಿ ನಿಂತುಬಿಟ್ಟಿರಬೇಕು. ಈ ಪ್ರವಾಸದ ಮುಂದಿನ ಭಾಗವನ್ನು ಓದುವಾಗ ಓದುಗರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ತಾರಸಿಯ ಬೆಳಿಗ್ಗೆ

ತಾರಸಿ ಹಾಕುವ ದಿನ ವೈದೇಹಿ ಚಹಾವನ್ನೂ ನಿಂತೇ ಕುಡಿದಳು. ಅವಳ ಮೇಲಿನ ಅಧಿಕಾರಿ ರಾಜದೊರೈ ಎಂಬ ಶ್ರೀಲಂಕಾದ ತಮಿಳರು. ಒಂದು ಮಹಡಿಯ ಪೂರ್ತಿ ಜವಾಬ್ದಾರಿಯನ್ನು ಅವರು ಅವಳಿಗೆ ಒಪ್ಪಿಸಿದ್ದು ಇದೇ ಮೊದಲು.

"ಮಾವ, ಇದು ನಡುವೆ ನಿಂತ್ರೆ ಹೋತು," ಎಂದಳು. "ಹಾಕಿದ್ದು ಗಟ್ಟಿಯಾದ ಮೇಲೆ ಹೊಸದು ಅದಕ್ಕೆ ಹಿಡಿಯದಿಲ್ಲೆ. ಗೆರೆ ಬೀಳ್ತು. ಆ ಗೆರೆಯಿಂದ ಜೀವಮಾನ ಇಡೀ ಸೋರ್ತು. ಒಂದೇ ಹಾಳೆ ಹಂಗೆ ಆಗವು."

"ಆದ್ರೆ?"

"ಆದ್ರೆ ಕಂಪನಿಯ ಎರಡನೇ ಕಟ್ಟಡ ಎನ್ಗೆ. ತಳಪಾಯದಿಂದ. ಆಗ್ದಿದ್ರೆ ಬೆಂಗಳೂರು ಆಫೀಸಲ್ಲಿ ಕೂತ್ಗಂಡು ಬೇರೆಯವರ ನಕ್ಷೆ ತಿದ್ದದು."

ಸೂರ್ಯ ಏರುವ ಮೊದಲೇ ಕಾಂಕ್ರೀಟಿನ ಲಾರಿಗಳು ಆ ಇಕ್ಕಟ್ಟು ಬೀದಿಯಲ್ಲಿ ಸಾಲುಗಟ್ಟಿದ್ದವು. ಬಿಸಿಲಿಗೆ ಬೇಗ ಗಟ್ಟಿಯಾಗದಿರಲೆಂದು ಕಾಂಕ್ರೀಟಿಗೆ ಮಂಜುಗಡ್ಡೆ ಬೆರೆಸಿದ್ದರು. ಆ ಬೂದುಬಣ್ಣದ ಹಿಟ್ಟಿನಿಂದ ತಣ್ಣನೆಯ ಹಬೆ ಏಳುವುದು ನೋಡಿ ಅಕ್ಕ ಮುಟ್ಟಿಯೇ ಪರೀಕ್ಷಿಸಿದಳು.

ತಾರಸಿಯ ಅಡಿಯ ಮಹಡಿಯನ್ನು ವೈದೇಹಿ ನಮಗೆ ಅವಸರದಲ್ಲಿ ತೋರಿಸಿದಳು. ಅಲ್ಲಿ ಸೆಂಟ್ರಿಂಗ್‌ನ ಕಬ್ಬಿಣದ ಕಂಬಗಳು ಕಾಡಿನಂತೆ ಒತ್ತಾಗಿ ನಿಂತು, ಮೇಲಿನ ಹಲಗೆಗಳನ್ನು ಹೊತ್ತಿದ್ದವು. ಕಾಂಕ್ರೀಟು ಬೀಳುವಾಗ ಆ ಕಾಡಿನಲ್ಲಿ ಯಾರೂ ಇರಕೂಡದು. ಒಂದು ಕಂಬ ಜಾರಿದರೂ ಎಲ್ಲ ಭಾರ ತಲೆಯ ಮೇಲೆ. ನಮ್ಮನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ, ಬಸಣ್ಣನ ಜೊತೆ ಕೆಳಗಿಳಿಯಿರಿ ಎಂದು ಹೇಳಿ ಅವಳು ಮೆಟ್ಟಿಲೇರಿ ಮೇಲೆ ಹೋದಳು.

ನಾನು ಸಮುದ್ರ ನೋಡುತ್ತ ನಿಂತೆ. ಬಸಣ್ಣ ಬಾಗಿಲ ಕೊಂಡಿ ಸರಿಮಾಡುತ್ತಿದ್ದ. ಅವನ ವಾಕಿಟಾಕಿಯಲ್ಲಿ ವೈದೇಹಿಯ ದನಿ ಗರಗರ ಎಂದಿತು. "ಬಸಣ್ಣ, ಅಮ್ಮ, ಮಾವ ಇಬ್ರೂ ನಿಮ್ಮ ಹತ್ರ ಇದ್ದಾರಾ? ಇದ್ರೆ ಪಂಪ್ ಶುರು ಮಾಡಿಸ್ತೀನಿ."

ಬಸಣ್ಣ ತಲೆ ಎತ್ತದೆ ಕೂಗಿದ. "ಸರ, ಅಮ್ಮಾರು ಎಲ್ಲದಾರ್ರೀ?"

ತಿರುಗಿ ನೋಡಿದೆ. ಅಕ್ಕ ನಿಂತಿದ್ದಲ್ಲಿ ಬರಿಯ ಗಾಳಿ.

"ಇಲ್ಲೆ!" ಎಂದೆ.

"ಇಲ್ಲೇ ಅದಾರ್ರೀ ಮೇಡಂ," ಎಂದ ಬಸಣ್ಣ ವಾಕಿಟಾಕಿಗೆ. "ಇಬ್ರೂ ಇಲ್ಲೇ ಅದಾರ."

ಅವನು ಹೇಳಿದ್ದು ನನಗೆ ಕೇಳಿಸಲೇ ಇಲ್ಲ. ನಾನು ಕಂಬಗಳ ಕಾಡಿನ ಅಂಚಿಗೆ ಹೋಗಿ "ಅಕ್ಕಾ" ಎಂದು ಕೂಗುತ್ತಿದ್ದೆ. ಅಷ್ಟರಲ್ಲಿ ತಲೆಯ ಮೇಲೆ ಕೊಳವೆ ಕೆಮ್ಮಿತು. ಇಡೀ ಮಹಡಿ ನಡುಗತೊಡಗಿತು. ಹಲಗೆಗಳ ಮೇಲೆ ಏನೋ ಭಾರವಾದದ್ದು ಧೊಪ್ಪನೆ ಬಿದ್ದು ಹರಡುವ ಸದ್ದು.

"ಶುರು ಮಾಡಿಬಿಟ್ರಲ್ಲೋ! ಅಕ್ಕ ಇಲ್ಲೆ ಅಂದೆನಲ್ಲೋ!"

"ಇಲ್ಲೇ ಅಂದ್ರ ಎಲ್ಲಿ ಸರ? ನನಗ ಕಾಣವಲ್ರಲ್ಲ!"

"ಇಲ್ಲೆ ಅಂದ್ರೆ ಇಲ್ಲ! ಇಲ್ಲಿ ಇಲ್ಲ!"

ಬಸಣ್ಣನ ಮುಖ ಕಾಂಕ್ರೀಟಿನ ಬಣ್ಣಕ್ಕೆ ತಿರುಗಿತು. "ಮೇಡಂ, ಬಂದ್ ಮಾಡ್ರೀ! ಅಮ್ಮಾರು ಸ್ಲ್ಯಾಬಿನ ಕೆಳಗ ಅದಾರ, ಬಂದ್ ಮಾಡ್ರೀ!"

ಪಂಪು ನಿಂತಿತು. ವೈದೇಹಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಮೌನದಲ್ಲಿ ಸಮುದ್ರದ ಸದ್ದು ಅಷ್ಟೆತ್ತರಕ್ಕೂ ಬಂತು.

ಅಕ್ಕ ಸಿಕ್ಕಿದ್ದು ಕಟ್ಟಡದ ನಡುವಿನ ಮೆಟ್ಟಿಲ ಗೂಡಿನಲ್ಲಿ. ಅದು ಆಗಲೇ ಗಟ್ಟಿಯಾದ ಕಾಂಕ್ರೀಟಿನ ಗೋಡೆಗಳ ಒಳಗಿದೆ. ಸೆಂಟ್ರಿಂಗ್ ಎಲ್ಲಾದರೂ ಬಾಯಿಬಿಡುತ್ತದೆಯೇ ಎಂದು ಕಾಯುವ ಬಾಂಗ್ಲಾದೇಶದ ಬಡಗಿ ಜಮಾಲನಿಗೆ ನಿಲ್ಲಲು ಗೊತ್ತುಮಾಡಿದ ಜಾಗ. ಮೇಲಿದ್ದವರಿಗೆಲ್ಲ ಸಿಹಿ ಹಂಚಿ, ಇವನೊಬ್ಬ ಉಳಿದನೆಂದು ಡಬ್ಬಿ ಹಿಡಿದು ಹೋಗಿದ್ದಳಂತೆ. ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಫೋನಿನಲ್ಲಿ ತನ್ನ ಮಗಳ ಫೋಟೋ ತೋರಿಸುತ್ತಿದ್ದ. ಇವಳು ಆ ಮಗುವಿನ ಹಲ್ಲಿನ ಬಗ್ಗೆ ಕನ್ನಡದಲ್ಲಿ ಸಲಹೆ ಕೊಡುತ್ತಿದ್ದಳು.

"ಎಂತಾತು? ಎಂತಕ್ಕೆ ಹೀಂಗೆ ಬೊಬ್ಬೆ ಹೊಡೀತೆ? ಆನೆಂತ ಕಳದು ಹೋಪ ಕೂಸಾ?"

ಪಂಪು ನಿಲ್ಲಿಸಿದ್ದಾರೆ ಎಂದೆ. ತನಗಾಗಿ ನಿಲ್ಲಿಸಿದ್ದೆಂದು ತಿಳಿದಾಗ ಅವಳ ಮುಖದ ಸಿಟ್ಟು ಬೇರೆ ಏನೋ ಆಯಿತು. "ಮಳ್ಳು ಅದ್ಕೆ," ಎಂದಳು ಮಗಳ ಬಗ್ಗೆ, ತೀರಾ ಮೆಲ್ಲಗೆ.

ಕೊಳವೆ

ಮತ್ತೆ ಶುರು ಮಾಡಿದಾಗ ಕೊಳವೆ ಕಟ್ಟಿಕೊಂಡಿತ್ತು. ಇದನ್ನು ನಾವು ಪಕ್ಕದ ಕಟ್ಟಡದ ತಾರಸಿಯಿಂದ ನೋಡಿದೆವು. ಬಸಣ್ಣ ನಮ್ಮಿಬ್ಬರನ್ನೂ ಕೈಹಿಡಿದು ಅಲ್ಲಿಗೆ ಮುಟ್ಟಿಸಿ ಹೋಗಿದ್ದ. ಬಿಸಿಲು ಏರುತ್ತಿತ್ತು. ಹಾಕಿದ ಕಾಂಕ್ರೀಟಿನ ಅಂಚು ಒಣಗದಂತೆ ಒದ್ದೆ ಗೋಣಿ ಹೊದಿಸಿದರು. ಕೊಳವೆಯ ಉದ್ದಕ್ಕೂ ಜನ ಸುತ್ತಿಗೆಯಿಂದ ಬಡಿಯುತ್ತ, ಕಿವಿಯಿಟ್ಟು ಕೇಳುತ್ತ, ಎಲ್ಲಿ ಕಟ್ಟಿದೆ ಎಂದು ಹುಡುಕಿದರು. ಸಿಕ್ಕಿದ ಕಡೆ ಕೀಲು ಬಿಚ್ಚಿ, ಗಟ್ಟಿಯಾದದ್ದನ್ನು ಕೆದಕಿ ತೆಗೆದು, ಮತ್ತೆ ಜೋಡಿಸಿದರು. ವೈದೇಹಿ ಒಮ್ಮೆಯೂ ಕೂಗಲಿಲ್ಲ. ಗೋಣಿಯ ಅಂಚಿನಲ್ಲಿ ಮಂಡಿಯೂರಿ, ಕಾಂಕ್ರೀಟಿನೊಳಗೆ ಬೆರಳು ಹೊಗಿಸಿ ನೋಡುತ್ತಿದ್ದಳು, ಹಿಟ್ಟು ಹದಕ್ಕೆ ಬಂತೇ ಎಂದು ನೋಡುವವರ ಹಾಗೆ. ಇನ್ನೂ ಮೆತ್ತಗಿದೆಯೋ ಇಲ್ಲವೋ, ಅಷ್ಟು ದೂರದಿಂದ ನಮಗೆ ತಿಳಿಯಲಿಲ್ಲ. ಅಕ್ಕ ನನ್ನ ತೋಳು ಹಿಡಿದಿದ್ದಳು. ಅವಳ ಉಗುರು ಚುಚ್ಚುತ್ತಿತ್ತು.

ಕೊನೆಗೆ ಕೊಳವೆ ಮತ್ತೆ ಕೆಮ್ಮಿತು. ಕಾಂಕ್ರೀಟು ಬಂತು. ಆಮೇಲೆ ನಡೆದದ್ದು ಕೆಲಸವೋ ಕುಣಿತವೋ ಹೇಳಲಾರೆ. ಕೊಳವೆಯ ಬಾಯಿ ಹಿಡಿದವರು, ಸಲಿಕೆಯಿಂದ ಎಳೆಯುವವರು, ವೈಬ್ರೇಟರ್ ಇಳಿಬಿಡುವವರು, ಹಲಗೆಯಿಂದ ಸವರುವವರು, ನಾಲ್ಕು ಭಾಷೆಯ ಜನ ಒಬ್ಬರ ಕಾಲು ಒಬ್ಬರು ತುಳಿಯದೆ ಆಕಾಶದಂಚಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಂದರು. ಅವರು ಬಿಟ್ಟುಬಂದ ಕಡೆಯೆಲ್ಲ ನೆಲ ಹುಟ್ಟುತ್ತಿತ್ತು. ಭೂಮಿ ಮುಗಿದ ಊರಿನಲ್ಲಿ ನನ್ನ ಕಣ್ಣೆದುರೇ ಹೊಸ ನೆಲ! ಸಂದೇಹ ಪಡುವುದನ್ನೇ ಕಸುಬಾಗಿಸಿಕೊಂಡವನು ನಾನು. ಆ ಹೊತ್ತು ಸಂದೇಹಕ್ಕೆ ಏನೂ ಉಳಿದಿರಲಿಲ್ಲ.

ಸಂಜೆ ರಾಜದೊರೈ ಎಲ್ಲರನ್ನೂ ಕರೆಸಿದರು. ಕೆಲಸ ಯಾಕೆ ನಿಂತಿತು?

ಬಸಣ್ಣ ಕೈಕಟ್ಟಿ ನಿಂತ. "ಇವ್ರು ಇಲ್ಲೇ ಅಂದ್ರು ಸರ."

ನಾನು 'ಇಲ್ಲ' ಎಂದೆ ಎಂದು ವಾದಿಸಿದೆ. ಇಂದಿಗೂ ನನ್ನ ಕಿವಿಯಲ್ಲಿ ಇರುವುದು ಅಚ್ಚುಕಟ್ಟಾದ, ಪುಸ್ತಕದ 'ಇಲ್ಲ'. ಬಸಣ್ಣನ ಕಿವಿಯಲ್ಲಿ 'ಇಲ್ಲೇ'. ಅಣೆಕಟ್ಟಿನ ತೊಟ್ಟಿಗಳನ್ನು ನೋಡಿದವನು ನಾನು. ಬಸಣ್ಣನನ್ನೇ ನಂಬುವುದು ಮೇಲೆಂದು ವೈದೇಹಿ ಕಣ್ಣಲ್ಲೇ ಹೇಳಿದಳು. ಮೇಲೆ 'ಇಲ್ಲೆ' ಎಂದು ಬರೆದದ್ದು ಅದಕ್ಕೇ. ನಮ್ಮ ಮನೆಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ, ಅವನ ಕನ್ನಡದಲ್ಲಿ ಈ ಜಾಗದಲ್ಲೇ ಎಂದು ಅರ್ಥ ಎಂದು ಅವಳು ಇಂಗ್ಲಿಷಿನಲ್ಲಿ ವಿವರಿಸತೊಡಗಿದಳು. ರಾಜದೊರೈ ಕೈ ಎತ್ತಿ ತಡೆದರು.

"ಇಲ್ಲೆ ಎಂದರೆ ಇಲ್ಲ. ಅದರಲ್ಲಿ ವಿವರಿಸುವುದು ಏನಿದೆ? ತಮಿಳಿನಲ್ಲೂ ಹಾಗೇ." ಬಸಣ್ಣನ ಕಡೆ ತಿರುಗಿದರು. "ನೀನು ಇವರ ರಾಜ್ಯದವನೇ ಅಲ್ಲವೇ?"

"ನಾನೂ ಕರ್ನಾಟಕದಂವ ಹೌದ್ರಿ ಸರ," ಎಂದ ಬಸಣ್ಣ ದೀನನಾಗಿ. "ಇವ್ರ ಯಾವ ಕಡೆಯವ್ರೋ ಗೊತ್ತಿಲ್ರಿ."

ಎಲ್ಲರೂ ನಕ್ಕೆವು. ರಾಜದೊರೈ ನಗಲಿಲ್ಲ. "ಮಾತಿನ ಗೊಂದಲ ಮುಗಿಯಿತು. ಕಾಂಕ್ರೀಟಿನದು ಮುಗಿದಿಲ್ಲ," ಎಂದರು ವೈದೇಹಿಗೆ. "ನಿಲ್ಲಿಸಿದ್ದು ಸರಿ. ಆದರೆ ಸೋರಿದರೆ, ಸರಿಯಾದ ಕಾರಣಕ್ಕೆ ನಿಂತಿತೆಂದು ನೀರು ಸುಮ್ಮನಿರುವುದಿಲ್ಲ. ಸೋರಿದರೆ ಎರಡನೇ ಕಟ್ಟಡ ಬೇರೆಯವರಿಗೆ."

ಮನೆ ಮುಟ್ಟಿದ ಮೇಲೆ ಅಕ್ಕ ಕೇಳಿದಳು: "ಆನು ಮೆಟ್ಟಿಲ ಹತ್ರ ಗಟ್ಟಿ ಜಾಗದಲ್ಲಿದ್ದಿ ಹೇಳಿ ಗೊತ್ತಿದ್ರೆ ನಿಲ್ಲಿಸ್ತಿದ್ದೆಯನೆ?"

ವೈದೇಹಿ ಬೂಟು ಬಿಚ್ಚುತ್ತಿದ್ದಳು. "ಗೊತ್ತಿತ್ತಿಲ್ಲೆ ಆಯಿ," ಎಂದಳು. ಇನ್ನೊಂದು ಬೂಟಿಗೆ ಕೈ ಹಾಕುತ್ತ ತಡೆದಳು, "ಆ ಪ್ರಶ್ನೆ ಕೇಳಡ."

ಆಕಾಶದ ಗದ್ದೆ

ತಾರಸಿ ಗಟ್ಟಿಯಾಗುವವರೆಗೆ ಅದರ ಮೇಲೆ ನೀರು ನಿಲ್ಲಿಸುತ್ತಾರೆ. ನಮ್ಮ ಕಡೆ ಹೊಸ ಮನೆಗೆ ಮಾಡುವುದೂ ಅದನ್ನೇ. ಗಾರೆಯಿಂದ ಸಣ್ಣ ಸಣ್ಣ ಬದು ಕಟ್ಟಿ, ಚೌಕ ಚೌಕವಾಗಿ ನೀರು ತುಂಬಿದ್ದರು. ಭತ್ತದ ನೆಟ್ಟಿಗೆ ಸಿದ್ಧಮಾಡಿದ ಗದ್ದೆಗಳಂತೆಯೇ ಕಾಣುತ್ತಿತ್ತು. ಗದ್ದೆಯೂ ಇಲ್ಲದ, ಗುಡ್ಡವೂ ಇಲ್ಲದ ದೇಶದಲ್ಲಿ, ಸಮುದ್ರಕ್ಕಿಂತ ಅಷ್ಟು ಮೇಲೆ, ಗದ್ದೆಯಲ್ಲಿ ಮೋಡಗಳು ತೇಲುತ್ತಿದ್ದವು. ನಾನು ಬದುವಿನ ಮೇಲೆ ನಿಂತು ಸುಮ್ಮನೆ ನೋಡಿದೆ. ಕೆಲಸ ನಿಂತಿದ್ದ ಜಾಗ ಯಾವುದೆಂದು ನನಗೆ ಗುರುತು ಸಿಗಲಿಲ್ಲ. ವೈದೇಹಿಗೆ ಸಿಗುತ್ತಿತ್ತು, ಅವಳ ಕಣ್ಣು ಆ ಚೌಕ ಬಿಟ್ಟು ಕದಲುತ್ತಿರಲಿಲ್ಲ.

ನಾವು ಹೊರಡುವ ಹಿಂದಿನ ದಿನ ಆ ಚೌಕದ ಅಡಿಯ ಹಲಗೆಗಳನ್ನಷ್ಟೇ ಬಿಚ್ಚಿಸಿದರು. ಕಂಬಗಳ ನಡುವೆ ನಾವು ನಾಲ್ವರು, ರಾಜದೊರೈ, ವೈದೇಹಿ, ಅಕ್ಕ ಮತ್ತು ನಾನು, ಕತ್ತು ಎತ್ತಿ ನಿಂತೆವು. ಸೂರು ಸೋರುತ್ತದೆಯೇ ಎಂದು ಮೇಲೆ ನೋಡುವುದರಲ್ಲಿ ಮಲೆನಾಡಿನವರನ್ನು ಮೀರಿಸುವವರಿಲ್ಲ. ಆದರೂ ಅಂದು ನೋಡಿದ ಹಾಗೆ ನಾನು ಯಾವ ಸೂರನ್ನೂ ನೋಡಿರಲಿಲ್ಲ. ಬೂದು ಮೈಯಲ್ಲಿ ಹಲಗೆಗಳ ಅಚ್ಚು, ಒಂದು ಮೊಳೆಯ ಗುರುತು. ಗೆರೆಯಂಥದ್ದು ಒಂದು ಕಂಡಿತು. ರಾಜದೊರೈ ಏಣಿ ಹತ್ತಿ, ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಅದರ ಮೇಲೆ ಉದ್ದಕ್ಕೂ ಒತ್ತಿ ಎಳೆದರು. ಇಳಿದು ಬಂದು ಬೆಳಕಿಗೆ ಹಿಡಿದರು. ಗೆರೆಯ ಜಾಗದಲ್ಲಿ ಹಲಗೆಯಿಂದ ಹತ್ತಿದ ಒಣ ಮಣ್ಣು ಇತ್ತು. ಪಸೆ ಇರಲಿಲ್ಲ.

ಅವರು ಕರವಸ್ತ್ರವನ್ನು ಎರಡು ಸಲ ಕೊಡವಿ, ಮಡಚಿ, ಜೇಬಿಗಿಟ್ಟರು.

"ನಾಳೆ ಎರಡನೇ ಕಟ್ಟಡದ ತಳಪಾಯದ ಗುಂಡಿಗೆ ಬಾ," ಎಂದರು ವೈದೇಹಿಗೆ. "ಅಲ್ಲಿ ನೀರು ಕೆಳಗಿನಿಂದ ಬರುತ್ತದೆ."

ಅವರ ಹೆಜ್ಜೆ ಸದ್ದು ಮೆಟ್ಟಿಲಲ್ಲಿ ಇಳಿದುಹೋಯಿತು. ವೈದೇಹಿ ಕತ್ತೆತ್ತಿದವಳು ಹಾಗೆಯೇ ನಿಂತಿದ್ದಳು. ಅಕ್ಕ ಅವಳ ಹತ್ತಿರ ಹೋಗಿ, ಹೆಲ್ಮೆಟ್ಟಿನ ಮೇಲೆ ಅಂಗೈಯಿಟ್ಟು, ತಲೆಯನ್ನು ಮೆಲ್ಲಗೆ ತಗ್ಗಿಸಿದಳು.

"ಸಾಕೇ ಕೂಸೆ," ಎಂದಳು. "ಕುತ್ತಿಗೆ ನೋಯ್ತು."